ಒಂದಕ್ಕೊಂದು ಹತ್ತಿರವಿರುವ ಜೋಡಿ ದೈತ್ಯ ಕಪ್ಪುಕುಳಿಗಳು ಎಷ್ಟಿರಬಹುದು? ಲೆಕ್ಕ ಹಾಕುವವರಿಗೆ ಸಮಗ್ರ ಮಾರ್ಗದರ್ಶಿ

ಈ ಲೆಕ್ಕಕ್ಕೆ ಕೈ ಹಾಕಿ ಸೋತವರ ಹಾಳೆ ನೋಡಿದರೆ, ಜಾರಿದ ಜಾಗ ಹೆಚ್ಚುಕಡಿಮೆ ಒಂದೇ. ಗ್ಯಾಲಕ್ಸಿಗಳು ಎಷ್ಟು ಸಲ ಒಂದರೊಳಗೊಂದು ಬೆರೆಯುತ್ತವೆ ಎಂಬುದನ್ನು ಸರಿಯಾಗಿಯೇ ತೆಗೆದಿರುತ್ತಾರೆ. ಬೆರೆತ ಪ್ರತಿ ಗ್ಯಾಲಕ್ಸಿಗೂ ಒಂದು ಜೋಡಿ ಕಪ್ಪುಕುಳಿ ಎಂದು ಬರೆದುಕೊಂಡಿರುತ್ತಾರೆ. ಅಲ್ಲಿಗೆ ಪೆನ್ನು ಕೆಳಗಿಟ್ಟಿರುತ್ತಾರೆ. ಉತ್ತರ ನೂರಾರು ಪಟ್ಟು ದಾರಿ ತಪ್ಪಿರುತ್ತದೆ.

ಟಿಕೆಟ್ ಕೌಂಟರ್ ಮುಂದಿನ ಸಾಲನ್ನೇ ನೋಡಿ. ಗಂಟೆಗೆ ಎಷ್ಟು ಜನ ಬರುತ್ತಾರೆ ಎಂದಷ್ಟೇ ಗೊತ್ತಿದ್ದರೆ, ಈಗ ಸಾಲಿನಲ್ಲಿ ಎಷ್ಟು ಜನ ಇದ್ದಾರೆ ಎಂದು ಹೇಳಲಾಗದು. ಒಬ್ಬೊಬ್ಬರು ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದೂ ಬೇಕು. ಎರಡನ್ನೂ ಗುಣಿಸಿದರೆ ಸಾಲಿನ ಉದ್ದ ಸಿಗುತ್ತದೆ. ಜೋಡಿಗಳ ಲೆಕ್ಕವೂ ಅಷ್ಟೇ: ಹುಟ್ಟುವ ದರವನ್ನು ಉಳಿಯುವ ಸಮಯದಿಂದ ಗುಣಿಸಬೇಕು. ದರ ಸಿಗುವುದು ಸುಲಭ, ತಲೆನೋವೆಲ್ಲ ಸಮಯದ್ದು. ಹಾಗಾಗಿ ಇಲ್ಲಿ ಜಾಸ್ತಿ ಜಾಗ ಅದಕ್ಕೇ ಕೊಟ್ಟಿದ್ದೇನೆ.

## ಶುರು ಮಾಡುವ ಮೊದಲು ಬೇಕಾದ ಸಾಮಾನು

ದೊಡ್ಡ ಕಂಪ್ಯೂಟರ್ ಬೇಡ. ಮೊದಲ ಸುತ್ತಿಗೆ ಕಾಗದ, ಪೆನ್ನು, ಕ್ಯಾಲ್ಕುಲೇಟರ್ ಸಾಕು. ಎರಡನೇ ಸುತ್ತಿಗೆ ಪೈಥಾನ್, ಜೊತೆಗೆ ನಮ್‌ಪೈ, ಸೈಪೈ, ಆಸ್ಟ್ರೋಪೈ ಲೈಬ್ರರಿಗಳು. ರೆಡ್‌ಶಿಫ್ಟ್‌ನಿಂದ (ದೂರದ ಬೆಳಕು ಎಷ್ಟು ಹಿಗ್ಗಿ ಕೆಂಪಾಗಿದೆ ಎಂಬ ಅಳತೆ; ಜಾಸ್ತಿಯಾದಷ್ಟೂ ಹಿಂದಿನ ಕಾಲ) ಕಾಲ, ದೂರ, ಗಾತ್ರ ತೆಗೆಯಲು ಆಸ್ಟ್ರೋಪೈನ ಕಾಸ್ಮಾಲಜಿ ಭಾಗವನ್ನೇ ಬಳಸಿ. ಆ ಸೂತ್ರಗಳನ್ನು ನಾನೇ ಬರೆಯುತ್ತೇನೆ ಎಂದು ಹೊರಟು ಒಂದು ವಾರ ಹಾಳುಮಾಡಿಕೊಂಡವನ ಮಾತಿದು.

ಡೇಟಾ ಮೂರು ಬಗೆಯದ್ದು ಬೇಕು. ಒಂದು, ಯಾವ ತೂಕದ ಗ್ಯಾಲಕ್ಸಿಗಳು ಎಷ್ಟಿವೆ ಎಂಬ ಪಟ್ಟಿ. ಎರಡು, ಅವು ಬೆರೆಯುವ ದರ. ಮೂರು, ಗ್ಯಾಲಕ್ಸಿಯ ತೂಕದಿಂದ ಕಪ್ಪುಕುಳಿಯ ತೂಕ ತಿಳಿಸುವ ಸಂಬಂಧ. ಬ್ರಹ್ಮಾಂಡ ಬೆಳೆದ ಬಗೆಯನ್ನು ಕಂಪ್ಯೂಟರ್‌ನಲ್ಲಿ ಮರುಸೃಷ್ಟಿಸುವ ಇಲ್ಲಸ್ಟ್ರಿಸ್ ಮತ್ತು ಇಲ್ಲಸ್ಟ್ರಿಸ್‌ಟಿಎನ್‌ಜಿ ಸಿಮ್ಯುಲೇಷನ್‌ಗಳ ಡೇಟಾ ಎಲ್ಲರಿಗೂ ತೆರೆದಿದೆ. ಗುರುತ್ವ ಅಲೆಗಳನ್ನು (ಭಾರದ ವಸ್ತುಗಳು ಸುತ್ತುವಾಗ ದೇಶಕಾಲದಲ್ಲಿ ಏಳುವ ಅಲೆಗಳು) ಹುಡುಕುವ ನ್ಯಾನೊಗ್ರಾವ್ ತಂಡದ ಹೋಲೋಡೆಕ್ ಎಂಬ ಕೋಡ್ ಇಡೀ ಲೆಕ್ಕವನ್ನು ತಾನೇ ಮಾಡಿಕೊಡುತ್ತದೆ. ಆದರೆ ಒಮ್ಮೆ ಕೈಯಾರೆ ಲೆಕ್ಕ ಹಾಕುವವರೆಗೆ ಅದನ್ನು ಮುಟ್ಟಬೇಡಿ. ಅದು ತಪ್ಪು ಉತ್ತರ ಕೊಟ್ಟರೂ ನಿಮಗೆ ಗೊತ್ತಾಗುವುದಿಲ್ಲ.

## ಹಂತ 1: ಎಣಿಸುತ್ತಿರುವುದು ಏನನ್ನು ಎಂದು ಬರೆದಿಡಿ

‘ಜೋಡಿ’ ಎಂಬ ಒಂದೇ ಪದ ಎರಡು ಬೇರೆ ಬೇರೆ ವಸ್ತುಗಳಿಗೆ ಓಡಾಡುತ್ತದೆ. ಎನ್‌ಜಿಸಿ 6240 ಎಂಬ ಗ್ಯಾಲಕ್ಸಿಯಲ್ಲಿ ಎರಡು ಕಪ್ಪುಕುಳಿಗಳಿವೆ, ನಡುವೆ ಸುಮಾರು 3000 ಜ್ಯೋತಿರ್ವರ್ಷ ಅಂತರ. ಅವು ಒಂದೇ ಮನೆಯಲ್ಲಿವೆ ನಿಜ, ಆದರೆ ಇನ್ನೂ ಒಂದನ್ನೊಂದು ಸುತ್ತುತ್ತಿಲ್ಲ. 0402+379 ಎಂಬ ರೇಡಿಯೊ ಗ್ಯಾಲಕ್ಸಿಯಲ್ಲಿ ಕಂಡ ಎರಡರ ನಡುವೆ ಆಕಾಶದಲ್ಲಿ ಕಾಣುವ ಅಂತರ 7.3 ಪಾರ್ಸೆಕ್, ಅಂದರೆ ಸುಮಾರು 24 ಜ್ಯೋತಿರ್ವರ್ಷ. ನಾವು ಎಣಿಸಹೊರಟಿರುವುದು ಇದಕ್ಕಿಂತಲೂ ಬಹಳ ಹತ್ತಿರದವನ್ನು.

ಹಾಳೆಯ ಮೇಲೆ ನಾಲ್ಕು ಮಿತಿ ಬರೆಯಿರಿ: ಒಟ್ಟು ದ್ರವ್ಯರಾಶಿ, ಎರಡರ ತೂಕದ ಅನುಪಾತ, ಅಂತರ ಅಥವಾ ಸುತ್ತುವ ಅವಧಿ, ರೆಡ್‌ಶಿಫ್ಟ್. ಅವಧಿಯ ಪಕ್ಕದಲ್ಲಿ ಅದು ಅಲ್ಲಿನದ್ದೋ ಇಲ್ಲಿಂದ ಕಾಣುವುದೋ ಎಂದೂ ಬರೆಯಿರಿ. ಇದು ಮುಂದೆ ಕಾಡುತ್ತದೆ.

ಈ ಬರಹದುದ್ದಕ್ಕೂ ಒಂದೇ ಉದಾಹರಣೆ ಹಿಡಿಯೋಣ. ತಲಾ 10 ಕೋಟಿ ಸೂರ್ಯರಷ್ಟು ತೂಕದ ಎರಡು ಕಪ್ಪುಕುಳಿ, ನಡುವೆ 0.01 ಪಾರ್ಸೆಕ್. ಬೆಳಕು 12 ದಿನ ನಡೆಯುವಷ್ಟು ದೂರ.

## ಹಂತ 2: ಗ್ಯಾಲಕ್ಸಿಗಳು ಬೆರೆಯುವ ದರ ತೆಗೆಯಿರಿ

ಎರಡು ದಾರಿಗಳಿವೆ. ಆಕಾಶದಲ್ಲಿ ಅಕ್ಕಪಕ್ಕ ಕಾಣುವ ಗ್ಯಾಲಕ್ಸಿಗಳನ್ನು ಎಣಿಸಿ, ಅವು ಬೆರೆಯಲು ಹಿಡಿಯುವ ಸಮಯದಿಂದ ಭಾಗಿಸುವುದು ಒಂದು. ಸಿಮ್ಯುಲೇಷನ್‌ನಿಂದ ನೇರವಾಗಿ ದರ ಎತ್ತಿಕೊಳ್ಳುವುದು ಇನ್ನೊಂದು.

ಮೊದಲನೆಯದರಲ್ಲಿ ಮೋಸ ಹೋಗುವುದು ಸುಲಭ. ಅಕ್ಕಪಕ್ಕ ಕಂಡವೆಲ್ಲ ಬೆರೆಯುವುದಿಲ್ಲ. ಕೆಲವು ನಮ್ಮ ದೃಷ್ಟಿಗೆರೆಯಲ್ಲಿ ಸುಮ್ನೆ ಹಿಂದೆಮುಂದೆ ನಿಂತಿರುತ್ತವೆ. ಭಾಗಿಸುವ ಸಮಯವೂ ನೀವು ಎಷ್ಟು ಅಂತರದೊಳಗಿನ ಜೋಡಿಗಳನ್ನು ಆರಿಸಿದಿರಿ ಎಂಬುದರ ಮೇಲೆ ನಿಂತಿದೆ. ಒಬ್ಬರ ಎಣಿಕೆಯನ್ನು ಇನ್ನೊಬ್ಬರ ಸಮಯದಿಂದ ಭಾಗಿಸಿದರೆ ಎರಡು ಪಟ್ಟು ವ್ಯತ್ಯಾಸ ಬರುವುದು ದೊಡ್ಡ ಮಾತಲ್ಲ.

ಎರಡನೆಯ ದಾರಿಯಲ್ಲಿ ಬೇರೆ ಗುಂಡಿ ಇದೆ. ಇಲ್ಲಸ್ಟ್ರಿಸ್ ತರಹದ ಸಿಮ್ಯುಲೇಷನ್‌ಗಳು ಕಪ್ಪುಕುಳಿಯನ್ನು ಗ್ಯಾಲಕ್ಸಿಯ ನಡುವಿಗೆ ಬಲವಂತವಾಗಿ ಎಳೆದು ಕೂರಿಸುತ್ತವೆ. ಎರಡು ಕಪ್ಪುಕುಳಿಗಳು ಸಾವಿರಾರು ಜ್ಯೋತಿರ್ವರ್ಷ ದೂರ ಇರುವಾಗಲೇ ಒಂದಾದವು ಎಂದು ಬರೆದುಬಿಡುತ್ತವೆ. ಅದಕ್ಕಿಂತ ಚಿಕ್ಕದ್ದನ್ನು ನೋಡುವ ಕಣ್ಣು ಅವಕ್ಕಿಲ್ಲ. ಆ ಪಟ್ಟಿಯಲ್ಲಿ ‘ಕಪ್ಪುಕುಳಿ ಕೂಡಿದ ಸಮಯ’ ಎಂದಿದ್ದರೆ ಅದನ್ನು ‘ಪ್ರಯಾಣ ಶುರುವಾದ ಸಮಯ’ ಎಂದು ಓದಿಕೊಳ್ಳಿ. ನಿಜವಾದ ಪ್ರಯಾಣವನ್ನು ನೀವೇ ಸೇರಿಸಬೇಕು.

ನಮ್ಮ ಉದಾಹರಣೆಗೆ ಸಲೀಸಾದ ಅಂಕಿ ಇಟ್ಟುಕೊಳ್ಳೋಣ: ಒಂದು ಘನ ಮೆಗಾಪಾರ್ಸೆಕ್‌ಗೆ (ಮೆಗಾಪಾರ್ಸೆಕ್ ಅಂದರೆ 10 ಲಕ್ಷ ಪಾರ್ಸೆಕ್) ಇಂಥ 0.001 ಗ್ಯಾಲಕ್ಸಿ, ಪ್ರತಿ ಗ್ಯಾಲಕ್ಸಿಗೆ 100 ಕೋಟಿ ವರ್ಷಕ್ಕೆ 0.05 ದೊಡ್ಡ ಬೆರಕೆ. ಇದು ಕೈ ಪಳಗಿಸಲು ಇಟ್ಟ ಅಂಕಿ. ನಿಮ್ಮ ಲೆಕ್ಕದಲ್ಲಿ ಎರಡೂ ತೂಕ, ರೆಡ್‌ಶಿಫ್ಟ್ ನೋಡಿಕೊಂಡು ಬದಲಾಗಬೇಕು.

## ಹಂತ 3: ಕಪ್ಪುಕುಳಿಗೆ ತೂಕ ಕೊಡಿ

2013ರಲ್ಲಿ ಕೊರ್ಮೆಂಡಿ ಮತ್ತು ಹೋ ಕೊಟ್ಟ ಸಂಬಂಧವನ್ನೇ ತುಂಬ ಜನ ಬಳಸುತ್ತಾರೆ. ಗ್ಯಾಲಕ್ಸಿಯ ನಡುವಿನ ಉಬ್ಬು 10,000 ಕೋಟಿ ಸೂರ್ಯರಷ್ಟು ತೂಗಿದರೆ ಕಪ್ಪುಕುಳಿ ಸುಮಾರು 49 ಕೋಟಿ ಸೂರ್ಯರಷ್ಟು. ತೂಕ ಏರಿದಂತೆ 1.17ರ ಘಾತದಲ್ಲಿ ಏರುತ್ತದೆ.

‘ಉಬ್ಬು’ ಎಂಬ ಪದ ಗಮನಿಸಿ. ಇಡೀ ಗ್ಯಾಲಕ್ಸಿ ಅಲ್ಲ. ನಮ್ಮ ಹಾಲುಹಾದಿಯಲ್ಲಿರುವ ನಕ್ಷತ್ರಗಳ ಒಟ್ಟು ತೂಕ ಸುಮಾರು 5000 ಕೋಟಿ ಸೂರ್ಯರಷ್ಟು. ಅದನ್ನೇ ಈ ಸೂತ್ರಕ್ಕೆ ಹಾಕಿದರೆ ಕಪ್ಪುಕುಳಿ 20 ಕೋಟಿ ಸೂರ್ಯರಿಗಿಂತ ಜಾಸ್ತಿ ಬರುತ್ತದೆ. ನಡುವಲ್ಲಿ ಕೂತಿರುವ ಸ್ಯಾಜಿಟೇರಿಯಸ್ ಎ-ಸ್ಟಾರ್ ತೂಗುವುದು 43 ಲಕ್ಷ. ಹೆಚ್ಚುಕಡಿಮೆ 50 ಪಟ್ಟು ತಪ್ಪು, ಒಂದೇ ಪದ ಬಿಟ್ಟಿದ್ದಕ್ಕೆ!

ಎರಡನೇ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಈ ಸಂಬಂಧ ಗೆರೆಯಲ್ಲ, ದಪ್ಪ ಪಟ್ಟಿ. ಒಂದೇ ತೂಕದ ಉಬ್ಬಿನಲ್ಲಿ ಕಪ್ಪುಕುಳಿ ಅರ್ಧವೂ ಇರಬಹುದು, ಎರಡು ಪಟ್ಟೂ ಇರಬಹುದು. ಈ ಚದುರುವಿಕೆ ಲಾಗ್ ಅಳತೆಯಲ್ಲಿ ಸುಮಾರು 0.3. ಸರಾಸರಿ ಗೆರೆಯನ್ನೇ ಬಳಸಿದರೆ ಏನಾಗುತ್ತೆ ಅಂತೀರಾ? ಗುರುತ್ವ ಅಲೆಗಳ ಶಕ್ತಿ ದ್ರವ್ಯರಾಶಿಯ 5/3ರ ಘಾತದಲ್ಲಿ ಏರುತ್ತದೆ. ಭಾರದ ಕಡೆ ಚದುರಿದವು ಕೊಡುವ ಲಾಭ, ಹಗುರದ ಕಡೆ ಚದುರಿದವು ಮಾಡುವ ನಷ್ಟಕ್ಕಿಂತ ದೊಡ್ಡದು. 0.3 ಚದುರುವಿಕೆ ಸೇರಿಸಿದರೆ ಆ ಶಕ್ತಿ 1.9 ಪಟ್ಟಾಗುತ್ತದೆ. ಬಿಟ್ಟರೆ ಅರ್ಧ ಶಕ್ತಿ ಹಾಳೆಯಿಂದಲೇ ಮಾಯ.

ಇನ್ನು, ಎಲ್ಲ ಗ್ಯಾಲಕ್ಸಿಯಲ್ಲೂ ದೈತ್ಯ ಕಪ್ಪುಕುಳಿ ಇದ್ದೇ ಇರುತ್ತದೆ ಎಂದುಕೊಳ್ಳಬೇಡಿ. ಎಂ33 ಎಂಬ ಗ್ಯಾಲಕ್ಸಿಯ ನಡುವೆ ಎಷ್ಟು ಹುಡುಕಿದರೂ ಸಿಕ್ಕಿಲ್ಲ. ಚಿಕ್ಕ ಗ್ಯಾಲಕ್ಸಿಗಳಿಗೆ ‘ಇದೆಯೋ ಇಲ್ಲವೋ’ ಎಂಬ ಅಂಶವೊಂದನ್ನು ಗುಣಿಸಿ.

## ಹಂತ 4: ದಾರಿಯ ತಡ ಸೇರಿಸಿ

ಗ್ಯಾಲಕ್ಸಿಗಳು ಬೆರೆತ ದಿನವೇ ಕಪ್ಪುಕುಳಿಗಳು ಹತ್ತಿರ ಬಂದುಬಿಡುವುದಿಲ್ಲ. 1980ರಲ್ಲಿ ಬೆಗೆಲ್‌ಮನ್, ಬ್ಲಾಂಡ್‌ಫೋರ್ಡ್, ರೀಸ್ ಈ ದಾರಿಯನ್ನು ತುಂಡುತುಂಡಾಗಿ ವಿವರಿಸಿದರು. ಇವತ್ತಿಗೂ ಎಲ್ಲರೂ ಅದೇ ತುಂಡುಗಳನ್ನು ಬಳಸುತ್ತಾರೆ.

ಮೊದಲ ತುಂಡು ಎಳೆತ. ಭಾರವಾದ ವಸ್ತು ನಕ್ಷತ್ರಗಳ ನಡುವೆ ಓಡುವಾಗ ಅದರ ಬೆನ್ನ ಹಿಂದೆ ನಕ್ಷತ್ರಗಳು ಒಟ್ಟುಗೂಡಿ ಹಿಂದಕ್ಕೆ ಜಗ್ಗುತ್ತವೆ. ನಿಧಾನಕ್ಕೆ ಅದು ನಡುವಿಗೆ ಇಳಿಯುತ್ತದೆ. ನಕ್ಷತ್ರಗಳ ಓಟದ ವೇಗ ಸೆಕೆಂಡಿಗೆ 200 ಕಿಲೋಮೀಟರ್ ಇರುವಲ್ಲಿ, 10 ಕೋಟಿ ಸೂರ್ಯರ ಕಪ್ಪುಕುಳಿ 1000 ಪಾರ್ಸೆಕ್ ದೂರದಿಂದ ಇಳಿಯಲು 10 ಕೋಟಿ ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಸಾಕು. ಅದೇ ಜಾಗದಿಂದ 10 ಲಕ್ಷ ಸೂರ್ಯರ ಕಪ್ಪುಕುಳಿ ಹೊರಟರೆ ನೂರು ಪಟ್ಟು ಸಮಯ ಬೇಕು. ಅಷ್ಟರಲ್ಲಿ ಬ್ರಹ್ಮಾಂಡದ ವಯಸ್ಸೇ ಮುಗಿಯುತ್ತಾ ಬಂದಿರುತ್ತದೆ. ಅದಕ್ಕೇ ಅನುಪಾತ ತುಂಬ ಅಸಮವಾಗಿರುವ ಬೆರಕೆಗಳಲ್ಲಿ ಜೋಡಿ ಹುಟ್ಟುವುದು ಕಷ್ಟ. ಚಿಕ್ಕ ಕಪ್ಪುಕುಳಿ ಹೊರವಲಯದಲ್ಲೇ ಅಲೆಮಾರಿಯಾಗಿ ಉಳಿದುಬಿಡುತ್ತದೆ. ತನ್ನ ಹಳೆಯ ಗ್ಯಾಲಕ್ಸಿಯ ಒಂದಿಷ್ಟು ನಕ್ಷತ್ರಗಳನ್ನು ಮೈಮೇಲೆ ಹೊದ್ದುಕೊಂಡು ಬಂದಿದ್ದರೆ ಮಾತ್ರ ಬೇಗ ಇಳಿಯುತ್ತದೆ.

ಎರಡನೇ ತುಂಡು ನಕ್ಷತ್ರಗಳನ್ನು ಎಸೆಯುವುದು. ನಮ್ಮ ಉದಾಹರಣೆಯಲ್ಲಿ ಅಂತರ 1.3 ಪಾರ್ಸೆಕ್‌ಗೆ ಇಳಿದಾಗ ಜೋಡಿ ಗಟ್ಟಿಯಾಗುತ್ತದೆ. ಅಲ್ಲಿಂದ ಮುಂದೆ, ಹತ್ತಿರ ಬಂದ ಪ್ರತಿ ನಕ್ಷತ್ರವನ್ನೂ ಕವಣೆಯಂತೆ ಎಸೆದು ತಾನು ಒಂದು ಚೂರು ಕುಗ್ಗುತ್ತದೆ. ಎಸೆಯಲು ನಕ್ಷತ್ರಗಳೇ ಖಾಲಿಯಾದರೆ? ಇದೇ ಹೆಸರಾಂತ ‘ಕೊನೆಯ ಪಾರ್ಸೆಕ್’ ಸಮಸ್ಯೆ. ಗ್ಯಾಲಕ್ಸಿ ಚೆಂಡಿನಂತೆ ಪೂರ್ತಿ ಗುಂಡಗಿದ್ದರೆ ಸಮಸ್ಯೆ ನಿಜ. ಬೆರೆತು ಬಂದ ಗ್ಯಾಲಕ್ಸಿ ಸೊಟ್ಟಪಟ್ಟ ಇರುತ್ತದೆ, ಅಲ್ವಾ? ಅಂಥದ್ದರಲ್ಲಿ ಹೊಸ ನಕ್ಷತ್ರಗಳು ನಡುವಿಗೆ ಬರುತ್ತಲೇ ಇರುತ್ತವೆ, ಜೋಡಿ ಕುಗ್ಗುತ್ತಲೇ ಇರುತ್ತದೆ. ಇದನ್ನು ಪೂರ್ತಿ ತಡೆ ಎಂದು ಲೆಕ್ಕಕ್ಕೆ ಹಾಕಬೇಡಿ. ಕೋಟಿಗಳಿಂದ ನೂರಾರು ಕೋಟಿ ವರ್ಷಗಳ ತಡ ಎಂದು ಹಾಕಿ, ಒಂದೇ ಅಂಕಿಗೆ ಕಟ್ಟಿಹಾಕದೆ ಹರಡಿ.

ಮೂರನೇ ತುಂಡು ಗ್ಯಾಸ್. ಇಲ್ಲಿ ಕಣ್ಣುಮುಚ್ಚಿ ‘ಗ್ಯಾಸ್ ಇದ್ದರೆ ಬೇಗ’ ಎಂದು ಬರೆಯುವವರು ತುಂಬ ಜನ. ಜೋಡಿಯ ಸುತ್ತಲಿನ ತಟ್ಟೆ ದಪ್ಪವಾಗಿದ್ದರೆ ಜೋಡಿ ಹೊರಕ್ಕೂ ತಳ್ಳಲ್ಪಡಬಹುದು, ತೆಳ್ಳಗಿದ್ದರೆ ಒಳಕ್ಕೆ ಎಂದು ಇತ್ತೀಚಿನ ಸಿಮ್ಯುಲೇಷನ್‌ಗಳು ತೋರಿಸಿವೆ. ನನ್ನ ಸಲಹೆ: ಮೊದಲ ಸುತ್ತಿನಲ್ಲಿ ಗ್ಯಾಸ್ ಬಿಟ್ಟುಬಿಡಿ. ಆಮೇಲೆ ಸೇರಿಸಿ, ಉತ್ತರ ಎಷ್ಟು ಅಲುಗಾಡಿತು ಎಂದು ನೋಡಿ.

ಈಗ ತಡವನ್ನು ಕಾಲಕ್ಕೆ ಹೊಂದಿಸಿ. ರೆಡ್‌ಶಿಫ್ಟ್ 1ರಲ್ಲಿ ಬೆರೆತ ಗ್ಯಾಲಕ್ಸಿಯ ಜೋಡಿಗೆ 300 ಕೋಟಿ ವರ್ಷ ತಡವಿದ್ದರೆ, ಅದು ಒಂದಾಗುವುದು ರೆಡ್‌ಶಿಫ್ಟ್ 0.45ರ ಹೊತ್ತಿಗೆ. ರೆಡ್‌ಶಿಫ್ಟ್ 0.2ರಲ್ಲಿ ಬೆರೆತದ್ದಕ್ಕೂ ಅದೇ ತಡ ಇದ್ದರೆ ಅದು ಇವತ್ತಿಗೂ ದಾರಿಯಲ್ಲೇ ಇದೆ. ಅಂಥದ್ದನ್ನು ‘ಒಂದಾದವು’ ಪಟ್ಟಿಯಿಂದ ತೆಗೆಯಬೇಕು. ತಡವನ್ನು ರೆಡ್‌ಶಿಫ್ಟ್‌ನಲ್ಲೇ ಕೂಡುವ ಕಳೆಯುವ ಕೆಲಸ ಬೇಡ. ಮೊದಲು ವರ್ಷಕ್ಕೆ ತಿರುಗಿಸಿ, ತಡ ಕೂಡಿಸಿ, ಮತ್ತೆ ರೆಡ್‌ಶಿಫ್ಟ್‌ಗೆ ತಿರುಗಿಸಿ.

ತಡ ತುಂಬ ಉದ್ದವಾದರೆ ಮೂರನೇ ಗ್ಯಾಲಕ್ಸಿ ಬಂದು ಸೇರುತ್ತದೆ, ಅದರ ಕಪ್ಪುಕುಳಿಯೂ ಬರುತ್ತದೆ. ಒಂದನ್ನು ಹೊರಗೆಸೆದು ಉಳಿದೆರಡನ್ನು ಹತ್ತಿರ ಮಾಡುವುದೂ ಉಂಟು. ಮೊದಲ ಸುತ್ತಿಗೆ ಇದು ಬೇಡ. ಆದರೆ ನಿಮ್ಮ ಪಟ್ಟಿಯಲ್ಲಿ ಶಾಶ್ವತವಾಗಿ ನಿಂತ ಜೋಡಿಗಳೇ ಜಾಸ್ತಿಯಾದರೆ ಇದನ್ನು ನೆನಪಿಸಿಕೊಳ್ಳಿ.

## ಹಂತ 5: ಉಳಿಯುವ ಸಮಯ ಲೆಕ್ಕ ಹಾಕಿ

ಇದೇ ಲೆಕ್ಕದ ಹೃದಯ. ಅಂತರ ಸಾಕಷ್ಟು ಕುಗ್ಗಿದ ಮೇಲೆ ಗುರುತ್ವ ಅಲೆಗಳೇ ಶಕ್ತಿ ಹೊರಹಾಕಿ ಜೋಡಿಯನ್ನು ಒಂದು ಮಾಡುತ್ತವೆ. ಉಳಿದ ಸಮಯಕ್ಕೆ 1964ರಲ್ಲಿ ಪೀಟರ್ಸ್ ಕೊಟ್ಟ ಸೂತ್ರವಿದೆ. ದುಂಡು ಕಕ್ಷೆಗೆ ಅದು ಹೀಗೆ: ಅಂತರದ ನಾಲ್ಕನೇ ಘಾತ ತೆಗೆದುಕೊಳ್ಳಿ. ಮೊದಲ ತೂಕ, ಎರಡನೇ ತೂಕ, ಎರಡರ ಮೊತ್ತ, ಈ ಮೂರನ್ನೂ ಗುಣಿಸಿ ಬಂದದ್ದರಿಂದ ಭಾಗಿಸಿ. 5/256ರಿಂದ ಗುಣಿಸಿ.

ಗುರುತ್ವ ಸ್ಥಿರಾಂಕ, ಬೆಳಕಿನ ವೇಗ ಎಲ್ಲಿ ಹೋದವು? ಎಲ್ಲವನ್ನೂ ಸೆಕೆಂಡಿಗೆ ಇಳಿಸಿದರೆ ಅವು ಬೇಕಾಗುವುದಿಲ್ಲ. ಒಬ್ಬ ಸೂರ್ಯನ ತೂಕ ಅಂದರೆ 4.925 ಮೈಕ್ರೊಸೆಕೆಂಡ್. ಒಂದು ಪಾರ್ಸೆಕ್ ಅಂದರೆ 10.29 ಕೋಟಿ ಸೆಕೆಂಡ್. ಈ ಎರಡು ಅಂಕಿ ಬಾಯಿಪಾಠ ಮಾಡಿಕೊಳ್ಳಿ. ಯೂನಿಟ್ ಗೊಂದಲದಲ್ಲಿ ಆಗುವ ಮುಕ್ಕಾಲು ತಪ್ಪುಗಳು ಅಲ್ಲಿಗೆ ನಿಲ್ಲುತ್ತವೆ.

ನಮ್ಮ ಉದಾಹರಣೆ: ತೂಕ ತಲಾ 492.5 ಸೆಕೆಂಡ್, ಮೊತ್ತ 985 ಸೆಕೆಂಡ್, ಅಂತರ 10.29 ಲಕ್ಷ ಸೆಕೆಂಡ್. ಸೂತ್ರಕ್ಕೆ ಹಾಕಿದರೆ ಸುಮಾರು 9.2 × 10¹³ ಸೆಕೆಂಡ್, ಅಂದರೆ 29 ಲಕ್ಷ ವರ್ಷ ಬರುತ್ತದೆ. ಅಂತರವನ್ನು 0.1 ಪಾರ್ಸೆಕ್ ಮಾಡಿ ನೋಡಿ. ಹತ್ತು ಪಟ್ಟು ದೂರಕ್ಕೆ ಹತ್ತು ಸಾವಿರ ಪಟ್ಟು ಸಮಯ: 2900 ಕೋಟಿ ವರ್ಷ. ಬ್ರಹ್ಮಾಂಡಕ್ಕೇ ಈಗ 1380 ಕೋಟಿ ವರ್ಷ. ಅಂದರೆ 0.1 ಪಾರ್ಸೆಕ್‌ನಲ್ಲಿರುವ ಜೋಡಿಯನ್ನು ಗುರುತ್ವ ಅಲೆಗಳು ಮಾತ್ರ ನಂಬಿಕೊಂಡರೆ ಒಂದು ಮಾಡಲಾಗದು. ಅಲ್ಲಿ ನಕ್ಷತ್ರಗಳೋ ಗ್ಯಾಸೋ ಕೆಲಸ ಮಾಡುತ್ತಿರಲೇಬೇಕು.

ಅವಧಿಯನ್ನೂ ತೆಗೆಯಿರಿ. ಕೆಪ್ಲರ್ ನಿಯಮದಿಂದ ನಮ್ಮ ಜೋಡಿ 6.6 ವರ್ಷಕ್ಕೊಂದು ಸುತ್ತು ಹಾಕುತ್ತದೆ. ಒಂದರ ಕಣ್ಣಲ್ಲಿ ಇನ್ನೊಂದರ ವೇಗ ಸೆಕೆಂಡಿಗೆ 9000 ಕಿಲೋಮೀಟರ್‌ಗಿಂತ ಜಾಸ್ತಿ. ಅವಧಿ ಹಿಡಿದು ಹೇಳುವುದಾದರೆ ಉಳಿದ ಸಮಯ ಅದರ 8/3ರ ಘಾತದಲ್ಲಿ ಏರುತ್ತದೆ. ಅವಧಿ ಅರ್ಧವಾದರೆ ಉಳಿದ ಸಮಯ ಆರನೇ ಒಂದು ಭಾಗಕ್ಕೆ ಬೀಳುತ್ತದೆ. ಬೇಗ ಸುತ್ತುವ ಜೋಡಿ ಅಪರೂಪ ಏಕೆ ಎಂಬುದಕ್ಕೆ ಇಷ್ಟೇ ಉತ್ತರ.

ಇಲ್ಲಿ ಮೂರು ಕಡೆ ಕಾಲು ಜಾರುತ್ತದೆ.

ಮೊದಲನೆಯದು ರೆಡ್‌ಶಿಫ್ಟ್. ರೆಡ್‌ಶಿಫ್ಟ್ 0.5ರಲ್ಲಿರುವ ಜೋಡಿಯ ಅವಧಿ ನಮಗೆ ಒಂದೂವರೆ ಪಟ್ಟು ಉದ್ದ ಕಾಣುತ್ತದೆ. 6.6 ವರ್ಷ ಹೋಗಿ 10 ವರ್ಷ ಆಗುತ್ತದೆ. ತಿರುಗಿಸಿ ಹೇಳಿದರೆ, ‘ನಮಗೆ 6.6 ವರ್ಷ ಅಂತ ಕಾಣುವ’ ಜೋಡಿಯ ನಿಜವಾದ ಅವಧಿ 4.4 ವರ್ಷ. ಇದನ್ನು ಮರೆತರೆ ಉಳಿದ ಸಮಯ ಮೂರು ಪಟ್ಟು ಜಾಸ್ತಿ ಬರುತ್ತದೆ, ಎಣಿಕೆಯೂ ಅಷ್ಟೇ. ಹಂತ 1ರಲ್ಲಿ ಅವಧಿಯ ಪಕ್ಕ ಬರೆಯಿರಿ ಎಂದದ್ದು ಇದಕ್ಕೇ.

ಎರಡನೆಯದು ತೂಕ. ಅವಧಿ ಅದೇ ಇಟ್ಟುಕೊಂಡು ತೂಕ ಹತ್ತು ಪಟ್ಟು ಏರಿಸಿದರೆ ಉಳಿದ ಸಮಯ 46ನೇ ಒಂದು ಭಾಗ, ಸುಮಾರು 63 ಸಾವಿರ ವರ್ಷ. ತೂಕ ಹತ್ತನೇ ಒಂದಕ್ಕೆ ಇಳಿಸಿದರೆ 13 ಕೋಟಿ ವರ್ಷಕ್ಕಿಂತ ಜಾಸ್ತಿ. ಹಾಗಾಗಿ ತಲೆ ಎಣಿಸಿದರೆ ಹಗುರದ ಜೋಡಿಗಳೇ ತುಂಬಿರುತ್ತವೆ. ಗುರುತ್ವ ಅಲೆಗಳ ಸದ್ದು ಮಾಡುವವು ಭಾರದವು. ಸರಾಸರಿ ತೂಕವೊಂದನ್ನು ಹಾಕಿ ಎರಡನ್ನೂ ಒಟ್ಟಿಗೆ ಹೇಳಲು ಹೊರಟರೆ ಎರಡೂ ಕೆಡುತ್ತವೆ.

ಮೂರನೆಯದು ಪಟ್ಟಿಯ, ಅಂದರೆ ಅವಧಿಯನ್ನು ಭಾಗ ಮಾಡಿದ ಒಂದೊಂದು ತುಂಡಿನ, ಲೆಕ್ಕ. ‘6.6 ವರ್ಷ ಅಥವಾ ಅದಕ್ಕಿಂತ ಕಡಿಮೆ’ ಎಂದರೆ ಸೂತ್ರ ಕೊಟ್ಟ ಸಮಯವನ್ನೇ ಹಾಕಬಹುದು. ‘3.3ರಿಂದ 6.6 ವರ್ಷ’ ಎಂದರೆ ಎರಡು ಕೊನೆಗಳ ಸಮಯವನ್ನು ಕಳೆಯಬೇಕು. ಎಷ್ಟೋ ಕೋಡ್‌ಗಳಲ್ಲಿ ಪ್ರತಿ ಪಟ್ಟಿಗೂ ಪೂರ್ತಿ ಸಮಯ ಹಾಕಿ ಒಂದೇ ಜೋಡಿಯನ್ನು ಮತ್ತೆ ಮತ್ತೆ ಎಣಿಸಿರುವುದು ನೋಡಿದ್ದೇನೆ.

## ಹಂತ 6: ಗುಣಿಸಿ

ಈಗ ಸುಲಭ. 0.001 ಗ್ಯಾಲಕ್ಸಿ, 0.05 ಬೆರಕೆ, 0.0029 (29 ಲಕ್ಷ ವರ್ಷವನ್ನು ನೂರು ಕೋಟಿ ವರ್ಷದ ಲೆಕ್ಕದಲ್ಲಿ ಬರೆದದ್ದು). ಗುಣಿಸಿದರೆ ಘನ ಮೆಗಾಪಾರ್ಸೆಕ್‌ಗೆ 1.45 × 10⁻⁷. ಒಂದು ಘನ ಗಿಗಾಪಾರ್ಸೆಕ್‌ನಲ್ಲಿ (ಗಿಗಾಪಾರ್ಸೆಕ್ ಅಂದರೆ ಸಾವಿರ ಮೆಗಾಪಾರ್ಸೆಕ್) ಸುಮಾರು 145 ಜೋಡಿ. ಬೇರೆ ಮಾತಲ್ಲಿ, ಇಂಥ 7000 ಗ್ಯಾಲಕ್ಸಿಯಲ್ಲಿ ಒಂದರೊಳಗೆ.

ಸಮಯದ ಹೆಜ್ಜೆ ಬಿಟ್ಟವರಿಗೆ ಏನು ಸಿಕ್ಕಿರುತ್ತಿತ್ತು? ನೂರು ಕೋಟಿ ವರ್ಷದಲ್ಲಿ ಬೆರೆತ ಪ್ರತಿ ಗ್ಯಾಲಕ್ಸಿಯಲ್ಲೂ ಜೋಡಿ ಎಂದುಕೊಂಡರೆ 20ರಲ್ಲಿ ಒಂದು. ವ್ಯತ್ಯಾಸ 350 ಪಟ್ಟು.

ಇದನ್ನೇ ಎಲ್ಲ ತೂಕ, ಎಲ್ಲ ಅನುಪಾತ, ಎಲ್ಲ ರೆಡ್‌ಶಿಫ್ಟ್‌ಗೂ ಮಾಡಿ ಕೂಡಿಸಿ. ಗಾತ್ರ ಲೆಕ್ಕ ಹಾಕುವಾಗ ಬ್ರಹ್ಮಾಂಡದ ಹಿಗ್ಗುವಿಕೆಯ ಜೊತೆ ಹಿಗ್ಗುವ ಗಾತ್ರವನ್ನೇ ಎಲ್ಲೆಡೆ ಬಳಸಿ, ನಡುವೆ ಬದಲಾಯಿಸಬೇಡಿ. ದರ ತೆಗೆಯುವಾಗ ಹಂತ 4ರ ತಡ ಕಳೆದು, ಆಗಿನ ಕಾಲದ ದರ ಹಾಕಿ. ಹಿಂದೆ ಬೆರಕೆ ಜಾಸ್ತಿ ಇತ್ತು. ಇವತ್ತಿನ ದರ ಹಾಕಿದರೆ ಎಣಿಕೆ ಕಡಿಮೆ ಬರುತ್ತದೆ.

ಕೊನೆಗೆ ಸರಾಸರಿಯಲ್ಲಿ ನಿಲ್ಲಬೇಡಿ. ಒಂದು ಪಟ್ಟಿಯಲ್ಲಿ 0.3 ಜೋಡಿ ಎಂದು ಬಂದರೆ ಆಕಾಶದಲ್ಲಿ 0.3 ಜೋಡಿ ಇರುವುದಿಲ್ಲ. ಒಂದೋ ಸೊನ್ನೆ, ಇಲ್ಲವೇ ಒಂದು. ಪ್ವಾಸಾನ್ ಹಂಚಿಕೆಯಿಂದ (ಸರಾಸರಿ ಗೊತ್ತಿದ್ದಾಗ ನಿಜವಾದ ಎಣಿಕೆ ಎಷ್ಟು ಬರಬಹುದು ಎಂದು ಹೇಳುವ ಸೂತ್ರ) ನೂರಾರು ಸಲ ಆಕಾಶವನ್ನು ‘ಸೃಷ್ಟಿಸಿ’, ನಡುವಿನ ಬೆಲೆ ಮತ್ತು ಹರಡುವಿಕೆ ಎರಡನ್ನೂ ಬರೆಯಿರಿ.

## ಹಂತ 7: ಕಣ್ಣಿಗೆ ಬೀಳುವುದೆಷ್ಟು ಎಂದು ಜರಡಿ ಹಿಡಿಯಿರಿ

ಇರುವುದು ಬೇರೆ, ಕಾಣುವುದು ಬೇರೆ. ಬೆಳಕಿನ ಏರಿಳಿತ ನೋಡಿ ಹುಡುಕುವುದಾದರೆ ಕಪ್ಪುಕುಳಿ ಗ್ಯಾಸ್ ನುಂಗುತ್ತಾ ಬೆಳಗುತ್ತಿರಬೇಕು. ಆ ಏರಿಳಿತ ಕಣ್ಣಿಗೆ ಕಾಣುವಷ್ಟು ದೊಡ್ಡದಿರಬೇಕು. ನೋಡಿದ ಕಾಲದಲ್ಲಿ ಕೆಲವಾದರೂ ಸುತ್ತು ಮುಗಿದಿರಬೇಕು. ಪ್ರತಿಯೊಂದಕ್ಕೂ ಒಂದೊಂದು ಭಿನ್ನರಾಶಿ ಗುಣಿಸಿ.

2015ರಲ್ಲಿ ಕ್ಯಾಟಲಿನಾ ಎಂಬ ಆಕಾಶ ಸಮೀಕ್ಷೆಯ 2,43,500 ಕ್ವೇಸಾರ್‌ಗಳಲ್ಲಿ (ಗ್ಯಾಸ್ ನುಂಗುತ್ತಾ ಪ್ರಖರವಾಗಿ ಬೆಳಗುವ ದೈತ್ಯ ಕಪ್ಪುಕುಳಿಗಳು) ಜೋಡಿ ಇರಬಹುದಾದ 111 ಅಭ್ಯರ್ಥಿಗಳು ಸಿಕ್ಕವು. ಅಷ್ಟೂ ನಿಜವಾದ ಜೋಡಿಗಳಾಗಿದ್ದರೆ ಅವು ಎಬ್ಬಿಸುವ ಗುರುತ್ವ ಅಲೆಗಳ ಸದ್ದು, ಪಲ್ಸರ್ (ಗಡಿಯಾರದಂತೆ ತಪ್ಪದೆ ಮಿಡಿಯುವ ನಕ್ಷತ್ರ) ಅಳತೆಗಳು ಆಗ ಹಾಕಿದ್ದ ಮಿತಿಯನ್ನು ದಾಟುತ್ತದೆ ಎಂದು 2018ರಲ್ಲಿ ಬೇರೊಂದು ತಂಡ ತೋರಿಸಿತು. ಕ್ವೇಸಾರ್‌ನ ಬೆಳಕು ತಾನಾಗಿಯೇ ಅಡ್ಡಾದಿಡ್ಡಿ ಏರಿಳಿಯುತ್ತದೆ. ಒಂದೂವರೆ, ಎರಡು ಸುತ್ತು ಮಾತ್ರ ನೋಡಿದರೆ ಅದೇ ಅಲೆಯಂತೆ ಕಾಣುತ್ತದೆ. ಜೋಡಿ ಇರಬಹುದು ಎನ್ನಲಾದ ಓಜೆ 287 ಎಂಬ ಗ್ಯಾಲಕ್ಸಿ ಸುಮಾರು 12 ವರ್ಷಕ್ಕೊಮ್ಮೆ ಭುಗಿಲೇಳುತ್ತದೆ. ಅದರ ಒಂದು ಹೆಸರಾಂತ ಮಾದರಿ ಹೇಳಿದ್ದ 2022ರ ಅಕ್ಟೋಬರ್‌ನ ಸ್ಫೋಟ ಕಾಣಿಸಲೇ ಇಲ್ಲ. ಹಾಗಾಗಿ ಅಭ್ಯರ್ಥಿಗಳ ಪಟ್ಟಿಗೆ ಹೊಂದುವಂತೆ ನಿಮ್ಮ ಮಾದರಿಯನ್ನು ತಿರುಚಬೇಡಿ.

## ಹಂತ 8: ಪಲ್ಸರ್‌ಗಳ ಜೊತೆ ತಾಳೆ ನೋಡಿ

ನಮ್ಮ ಜೋಡಿ ಸೆಕೆಂಡಿಗೆ ಸುಮಾರು 9.6 × 10⁻⁹ ಸಲ, ಅಂದರೆ 9.6 ನ್ಯಾನೊಹರ್ಟ್ಸ್‌ನಲ್ಲಿ ಗುರುತ್ವ ಅಲೆ ಬಿಡುತ್ತದೆ. ಪಲ್ಸರ್‌ಗಳ ಗಡಿಯಾರ ಹಿಡಿದು ಕೂತ ತಂಡಗಳು ಕೇಳುತ್ತಿರುವುದು ಇದೇ ಸ್ವರವನ್ನು. 2023ರ ಜೂನ್‌ನಲ್ಲಿ ನ್ಯಾನೊಗ್ರಾವ್, ಭಾರತದ ತಂಡದ ಜೊತೆ ಸೇರಿದ ಯೂರೋಪಿನ ತಂಡ, ಆಸ್ಟ್ರೇಲಿಯಾ, ಚೀನಾ ತಂಡಗಳು ಒಟ್ಟಿಗೇ ಸದ್ದಿನ ಸುಳಿವು ಪ್ರಕಟಿಸಿದವು. ವರ್ಷಕ್ಕೊಂದು ಸಲದ ಆವರ್ತನದಲ್ಲಿ ಅದರ ಎತ್ತರ ಸುಮಾರು 2.4 × 10⁻¹⁵ ಎಂದು ನ್ಯಾನೊಗ್ರಾವ್ ಬರೆಯಿತು.

ನಮ್ಮ ಆಟದ ಅಂಕಿಯನ್ನು 1000 ಕೋಟಿ ವರ್ಷ ಓಡಿಸಿ ಸದ್ದು ತೆಗೆದರೆ ಸುಮಾರು 3 × 10⁻¹⁶ ಬರುತ್ತದೆ. ಎಂಟನೇ ಒಂದು ಭಾಗ. ಗಾಬರಿಯಾಗಬೇಡಿ, ಲೆಕ್ಕ ತಪ್ಪಿಲ್ಲ. ನಾವು ಒಂದೇ ತೂಕ ಹಾಕಿದ್ದೇವೆ. ತೂಕ ಹತ್ತು ಪಟ್ಟು ಏರಿಸಿ, ಎಣಿಕೆ ಹತ್ತನೇ ಒಂದಕ್ಕೆ ಇಳಿಸಿ ನೋಡಿ. ಸದ್ದು ಎರಡು ಪಟ್ಟಿಗಿಂತ ಜಾಸ್ತಿ ಏರುತ್ತದೆ.

ಒಂದು ಎಚ್ಚರಿಕೆ. ಸದ್ದು ಒಂದೇ ಅಂಕಿ, ಅದನ್ನು ತಲುಪುವ ದಾರಿ ಹಲವು. ತೂಕ ಏರಿಸಿದರೂ ತಲುಪಬಹುದು, ದರ ಏರಿಸಿದರೂ ತಲುಪಬಹುದು, ತಡ ಇಳಿಸಿದರೂ ತಲುಪಬಹುದು. ಸದ್ದು ಹೊಂದಿತು ಎಂದು ಎಣಿಕೆ ಸರಿ ಎನ್ನಬೇಡಿ. ಸ್ವರದಿಂದ ಸ್ವರಕ್ಕೆ ಸದ್ದು ಹೇಗೆ ಇಳಿಯುತ್ತದೆ ಎಂಬುದನ್ನೂ ನೋಡಿ. ಬರೀ ಗುರುತ್ವ ಅಲೆಗಳಿದ್ದರೆ ಅದು ಆವರ್ತನದ ಮೈನಸ್ 2/3ರ ಘಾತದಲ್ಲಿ ಇಳಿಯಬೇಕು. ಕೆಳ ಸ್ವರದಲ್ಲಿ ಸದ್ದು ಬಾಗಿದ್ದರೆ ನಕ್ಷತ್ರಗಳೋ ಗ್ಯಾಸೋ ಜೋಡಿಗಳನ್ನು ಅಲ್ಲಿಂದ ಬೇಗ ದಾಟಿಸುತ್ತಿರಬಹುದು.

## ಅಪಾಯದ ಗುರುತುಗಳು

ಅವಧಿ ಉದ್ದವಾದಂತೆ ಜೋಡಿಗಳು ಕಡಿಮೆಯಾಗುತ್ತಿವೆ ಎಂದು ಬಂದರೆ ಎಲ್ಲೋ ಭಾಗಿಸುವ ಕಡೆ ಗುಣಿಸಿದ್ದೀರಿ, ಇಲ್ಲವೇ ಉದ್ದದ ಕಡೆ ಜರಡಿ ಬಿಗಿಯಾಗಿದೆ.

ಗ್ಯಾಲಕ್ಸಿ ಬೆರಕೆಗಿಂತ ಕಪ್ಪುಕುಳಿ ಒಂದಾದದ್ದು ಜಾಸ್ತಿ ಬಂದರೆ ಅನುಪಾತದ ಪಟ್ಟಿಯಲ್ಲಿ ಒಂದೇ ಬೆರಕೆಯನ್ನು ಎರಡು ಸಲ ಎಣಿಸಿದ್ದೀರಿ: ಒಮ್ಮೆ ದೊಡ್ಡದರ ಕಡೆಯಿಂದ, ಒಮ್ಮೆ ಚಿಕ್ಕದರ ಕಡೆಯಿಂದ.

ತಡವನ್ನು ಸೊನ್ನೆಯಿಂದ 500 ಕೋಟಿ ವರ್ಷಕ್ಕೆ ಏರಿಸಿದರೂ ಉತ್ತರ ಅಲುಗಾಡದಿದ್ದರೆ ತಡ ಕೋಡ್‌ನೊಳಗೆ ಹೋಗುತ್ತಲೇ ಇಲ್ಲ.

ಪ್ರತಿ ಸಲ ಕೋಡ್ ತಿದ್ದಿದ ಮೇಲೆ ಈ ಸಣ್ಣ ಪರೀಕ್ಷೆ ಮಾಡಿ. ಗ್ಯಾಸ್, ನಕ್ಷತ್ರ ಎರಡನ್ನೂ ಮುಚ್ಚಿ, ಅಂತರವನ್ನು ಎರಡು ಪಟ್ಟು ಮಾಡಿ. ಉಳಿಯುವ ಸಮಯ ಸರಿಯಾಗಿ 16 ಪಟ್ಟು ಏರಬೇಕು. 15.7 ಬಂದರೆ ಗ್ರಿಡ್ (ಲೆಕ್ಕದ ಹೆಜ್ಜೆಗಳು) ಒರಟು, ಸಣ್ಣ ಮಾಡಿ. 8 ಬಂದರೆ ಘಾತ ಒಂದು ಕಡಿಮೆ ಬಿದ್ದಿದೆ. 6.3 ಬಂದರೆ ನೀವು ಎರಡು ಪಟ್ಟು ಮಾಡಿದ್ದು ಅಂತರವನ್ನಲ್ಲ, ಅವಧಿಯನ್ನು.